ಕಂಪ್ಯೂಟರ್ ಕೇಳಿ: ಸ್ಟಾರ್ಟ್ ಬಟನ್ ಒಂದು ಕಡೆ ನಿಲ್ಲಲಿ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಪರದೆಯ ಕೆಳಗಿನ ಪಟ್ಟಿಯ ಬಗ್ಗೆ. ಅದೇ, ಟಾಸ್ಕ್‌ಬಾರ್. ಕಾರಣ ಊಹಿಸಬಹುದು. ವಿಂಡೋಸ್ 10ಕ್ಕೆ ಕೊಡುತ್ತಿದ್ದ ಮಾಮೂಲಿ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ಎಷ್ಟೋ ಮನೆಗೆ ಹೊಸ ಲ್ಯಾಪ್‌ಟಾಪ್ ಬಂತು. ಅದರಲ್ಲಿ ವಿಂಡೋಸ್ 11. ಯಾವುದೂ ಇದ್ದ ಜಾಗದಲ್ಲಿಲ್ಲ. ತಿಪಟೂರಿನ ನಮ್ಮ ಕಂಪ್ಯೂಟರ್ ಕ್ಲಾಸಿಗೂ ಈಗ ಇದೇ ದೂರು ಹೊತ್ತು ಬರುವವರು ಜಾಸ್ತಿ. ಪರದೆಯ ಮೇಲೆ ಕಾಣುವ ಹೆಸರುಗಳನ್ನು ಕೆಳಗೆ ಇದ್ದ ಹಾಗೇ ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ, ಹುಡುಕಲು ಸುಲಭವಾಗಲಿ ಎಂದು.

ಮೇಡಂ, ಮಗ ಬೆಂಗಳೂರಿನಿಂದ ಹೊಸ ಲ್ಯಾಪ್‌ಟಾಪ್ ತಂದುಕೊಟ್ಟಿದ್ದಾನೆ. ಹಳೆಯದರಲ್ಲಿ ಸ್ಟಾರ್ಟ್ ಬಟನ್ ಎಡಗಡೆ ಮೂಲೆಯಲ್ಲಿತ್ತು. ಇದರಲ್ಲಿ ನಡುವೆ ಇದೆ. ಹೋಗಲಿ ಎಂದರೆ ಒಂದೊಂದು ಸಲ ಒಂದೊಂದು ಕಡೆ ಇರುತ್ತದೆ. ದೋಷ ನನ್ನ ಕಣ್ಣಿನದೋ, ಕಂಪ್ಯೂಟರಿನದೋ? ಕೆಳಗಿನ ಚಿತ್ರಗಳೂ ತೀರಾ ಸಣ್ಣ. ಯಾವುದು ಯಾವುದೆಂದು ತಿಳಿಯುವುದಿಲ್ಲ.
ನಿವೃತ್ತ ಶಿಕ್ಷಕರು, ಸಾಗರ

ಮೇಷ್ಟ್ರೇ, ನಿಮ್ಮ ಕಣ್ಣು ಸರಿಯಾಗಿಯೇ ಇದೆ. ಆ ಬಟನ್ ನಿಜಕ್ಕೂ ಜರುಗುತ್ತದೆ. ವಿಂಡೋಸ್ 11ರಲ್ಲಿ ಐಕಾನುಗಳೆಲ್ಲ ಸೇರಿ ಪಟ್ಟಿಯ ನಟ್ಟನಡುವೆ ಕೂರುತ್ತವೆ. ನೀವು ಹೊಸದಾಗಿ ಒಂದು ಪ್ರೋಗ್ರಾಮ್ ತೆರೆದರೆ ಸಾಲಿಗೆ ಇನ್ನೊಂದು ಐಕಾನ್ ಸೇರುತ್ತದೆ. ಆಗ ಸಾಲು ಮತ್ತೆ ನಡುವೆ ಬರಲು ಅರ್ಧ ಐಕಾನಿನಷ್ಟು ಎಡಕ್ಕೆ ಸರಿಯುತ್ತದೆ. ಜೊತೆಗೆ ಸ್ಟಾರ್ಟ್ ಬಟನ್ನೂ ಸರಿಯುತ್ತದೆ. ಪ್ರೋಗ್ರಾಮ್ ಮುಚ್ಚಿದರೆ ವಾಪಸ್ ಬರುತ್ತದೆ. ನೋಡಲು ಚೆಂದ, ಬಳಸಲು ಕಿರಿಕಿರಿ.

1995ರ ಆಗಸ್ಟ್ 24ರಂದು ವಿಂಡೋಸ್ 95 ಬಂದಾಗಿನಿಂದ ಈ ಬಟನ್ ಎಡ ಮೂಲೆಯಲ್ಲಿತ್ತು. ನಡುವೆ ವಿಂಡೋಸ್ 8ರಲ್ಲಿ, 2012ರಲ್ಲಿ, ಅದನ್ನು ತೆಗೆದೇ ಹಾಕಿದ್ದರು. ಜನ ಬೈದರು, ಮರುವರ್ಷವೇ ವಾಪಸ್ ತಂದರು. ಮೂಲೆಯಲ್ಲಿ ಇರಬೇಕು ಎನ್ನುವುದಕ್ಕೆ ಗಟ್ಟಿ ಕಾರಣವಿದೆ. ಪಾಲ್ ಫಿಟ್ಸ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞ 1954ರಲ್ಲೇ ಇದನ್ನು ಅಳೆದು ತೋರಿಸಿದ್ದ: ಗುರಿ ಸಣ್ಣದಾದಷ್ಟೂ, ದೂರವಾದಷ್ಟೂ ಕೈಗೆ ಹೊತ್ತು ಜಾಸ್ತಿ ಬೇಕು. ಪರದೆಯ ಮೂಲೆಗೆ ಈ ತೊಂದರೆ ಇಲ್ಲ. ಮೌಸನ್ನು ಜೋರಾಗಿ ಎಡಕ್ಕೆ ಕೆಳಕ್ಕೆ ತಳ್ಳಿ, ಬಾಣದ ಗುರುತು ಮೂಲೆಗೆ ಹೋಗಿ ತಾನಾಗಿ ನಿಲ್ಲುತ್ತದೆ. ಗುರಿ ಇಡುವ ಕೆಲಸವೇ ಇಲ್ಲ. ತಮಾಷೆ ಏನೆಂದರೆ ವಿಂಡೋಸ್ 95ರಲ್ಲಿ ಬಟನ್‌ಗೂ ಪರದೆಯ ಅಂಚಿಗೂ ನಡುವೆ ಕೂದಲೆಳೆಯಷ್ಟು ಜಾಗ ಬಿಟ್ಟಿದ್ದರು. ತೀರಾ ಮೂಲೆಯಲ್ಲಿ ಒತ್ತಿದರೆ ಮೆನು ತೆರೆಯುತ್ತಲೇ ಇರಲಿಲ್ಲ! ಮುಂದಿನ ಆವೃತ್ತಿಗಳಲ್ಲಿ ಸರಿಮಾಡಿದರು. ರಾತ್ರಿ ಕರೆಂಟ್ ಹೋದಾಗ ಬ್ಯಾಟರಿ ಎಲ್ಲಿದೆ ಎಂದು ಕೈಗೇ ಗೊತ್ತಿರುತ್ತದಲ್ಲ, ಈ ಬಟನ್ನೂ ಹಾಗೇ ಗೊತ್ತಿರಬೇಕು ಎನ್ನುವುದು ನನ್ನ ಹಟ.

ಈಗ ಕೆಲಸಕ್ಕೆ ಬನ್ನಿ. ಟಾಸ್ಕ್‌ಬಾರಿನಲ್ಲಿ ಯಾವ ಐಕಾನೂ ಇಲ್ಲದ ಖಾಲಿ ಜಾಗದ ಮೇಲೆ ಮೌಸಿನ ಬಲಗಡೆ ಗುಂಡಿ ಒತ್ತಿ. ‘ಟಾಸ್ಕ್‌ಬಾರ್ ಸೆಟ್ಟಿಂಗ್ಸ್’ ಬರುತ್ತದೆ, ತೆರೆಯಿರಿ. ಪುಟದ ಕೊನೆಗೆ ಹೋದರೆ ‘ಟಾಸ್ಕ್‌ಬಾರ್ ಬಿಹೇವಿಯರ್ಸ್’ ಎಂದಿದೆ. ಅದನ್ನು ಬಿಡಿಸಿದರೆ ಮೊದಲ ಸಾಲೇ ‘ಟಾಸ್ಕ್‌ಬಾರ್ ಅಲೈನ್‌ಮೆಂಟ್’. ಅಲ್ಲಿ ‘ಸೆಂಟರ್’ ಇದ್ದದ್ದನ್ನು ‘ಲೆಫ್ಟ್’ ಮಾಡಿ. ಓಕೆ ಗೀಕೆ ಏನೂ ಒತ್ತಬೇಕಿಲ್ಲ. ಆರಿಸಿದ ಕ್ಷಣವೇ ಸಾಲು ಎಡಕ್ಕೆ ಓಡುತ್ತದೆ. ಇನ್ನು ಎಷ್ಟು ಪ್ರೋಗ್ರಾಮ್ ತೆರೆದರೂ ಸ್ಟಾರ್ಟ್ ಅಲ್ಲಾಡುವುದಿಲ್ಲ, ಹೊಸ ಐಕಾನುಗಳು ಬಲಗಡೆಗೆ ಬೆಳೆಯುತ್ತವೆ.

ಆ ಪುಟ ಮುಚ್ಚಬೇಡಿ. ಸ್ವಲ್ಪ ಕೆಳಗೆ ‘ಕಂಬೈನ್ ಟಾಸ್ಕ್‌ಬಾರ್ ಬಟನ್ಸ್ ಅಂಡ್ ಹೈಡ್ ಲೇಬಲ್ಸ್’ ಎಂಬ ಉದ್ದನೆಯ ಸಾಲಿದೆ. ಅದರ ಮುಂದೆ ‘ಆಲ್ವೇಸ್’ ಇರುತ್ತದೆ. ‘ನೆವರ್’ ಮಾಡಿ. ತೆರೆದಿರುವ ಪ್ರತಿ ಕಿಟಕಿಗೂ ಬೇರೆ ಬೇರೆ ಬಟನ್ ಬರುತ್ತದೆ, ಚಿತ್ರದ ಪಕ್ಕ ಹೆಸರೂ ಕಾಣುತ್ತದೆ. ಎರಡು ವರ್ಡ್ ಕಡತ ತೆರೆದಿದ್ದರೆ ಯಾವುದು ಯಾವುದೆಂದು ಓದಿ ತಿಳಿಯಬಹುದು. 2021ರಲ್ಲಿ ವಿಂಡೋಸ್ 11 ಬಂದಾಗ ಇದು ಇರಲೇ ಇಲ್ಲ. ಎರಡು ವರ್ಷ ಗಲಾಟೆ ಆದ ಮೇಲೆ 2023ರಲ್ಲಿ ಕೊಟ್ಟರು. ನಿಮ್ಮದರಲ್ಲಿ ಕಾಣದಿದ್ದರೆ ವಿಂಡೋಸ್ ಅಪ್‌ಡೇಟ್ ಬಾಕಿ ಇದೆ ಎಂದರ್ಥ.

ಅದೇ ಪುಟದ ಮೇಲ್ಭಾಗದಲ್ಲಿ ‘ಟಾಸ್ಕ್ ವ್ಯೂ’, ‘ವಿಜೆಟ್ಸ್’ ಎರಡನ್ನೂ ಆಫ್ ಮಾಡಿ. ವಿಜೆಟ್ಸ್ ಎಂದರೆ ಹವಾಮಾನ ತೋರಿಸುವ ಆ ಚಿತ್ರ. ಬಾಣ ಅದರ ಮೇಲೆ ಸುಮ್ನೆ ಹಾದುಹೋದರೂ ಅರ್ಧ ಪರದೆ ತುಂಬಾ ಸುದ್ದಿ ತೆರೆದುಕೊಳ್ಳುತ್ತದೆ. ನಮ್ಮ ಕ್ಲಾಸಿನಲ್ಲಿ ಹಿರಿಯರು ಗಾಬರಿಯಾಗುವುದು ಇಲ್ಲೇ. ‘ಸರ್ಚ್’ ಮುಂದೆ ‘ಹೈಡ್’ ಆರಿಸಿ. ಹುಡುಕುವುದು ಹೇಗೆ ಎನ್ನುತ್ತೀರಾ? ಸ್ಟಾರ್ಟ್ ಒತ್ತಿ ನೇರವಾಗಿ ಟೈಪ್ ಮಾಡಿದರೆ ಸಾಕು, ಹುಡುಕುತ್ತದೆ.

ಇನ್ನು ಗಾತ್ರ. ಹಳೆಯ ವಿಂಡೋಸಿನ ಹಾಗೆ ಪಟ್ಟಿಯನ್ನು ಎಳೆದು ದಪ್ಪ ಮಾಡುವುದು 11ರಲ್ಲಿ ಆಗುವುದಿಲ್ಲ. ಅದಕ್ಕೆ ಇಡೀ ಪರದೆಯನ್ನೇ ಹಿಗ್ಗಿಸಬೇಕು. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಲ್ಲಿ ‘ಸ್ಕೇಲ್’. ಈಗ ಇರುವುದಕ್ಕಿಂತ ಒಂದು ಮೆಟ್ಟಿಲು ಮೇಲಿನದು ಆರಿಸಿ, 125 ಇದ್ದರೆ 150. ಅಕ್ಷರ ಮಾತ್ರ ದೊಡ್ಡದು ಬೇಕಿದ್ದರೆ ‘ಆಕ್ಸೆಸಿಬಿಲಿಟಿ’ಯಲ್ಲಿ ‘ಟೆಕ್ಸ್ಟ್ ಸೈಜ್’ ಇದೆ, ಶೇಕಡಾ 225ರವರೆಗೆ ಹೋಗುತ್ತದೆ. ಅಷ್ಟು ದೂರ ಹೋಗಬೇಡಿ, ಸಾಲುಗಳು ಅರ್ಧಕ್ಕೆ ತುಂಡಾಗಿ ಕಾಣುತ್ತವೆ. 120, 130 ಹಿತವಾಗಿರುತ್ತದೆ. ಅಲ್ಲೇ ಮೌಸ್ ಬಾಣವನ್ನೂ ದೊಡ್ಡದು ಮಾಡಿ ಬಣ್ಣ ಕೊಡಬಹುದು. ನಾನಂತೂ ಹಿರಿಯರ ಕಂಪ್ಯೂಟರಿನಲ್ಲಿ ಮೊದಲು ಮಾಡುವ ಕೆಲಸ ಅದು.

ವಿಂಡೋಸ್ 10. ಮೊಮ್ಮಗಳು ಮೌಸ್ ಹಿಡಿದು ಆಡಿದ ಮೇಲೆ ಕೆಳಗಿನ ಪಟ್ಟಿ ಬಲಗಡೆಗೆ ಹೋಗಿ ಉದ್ದಕ್ಕೆ ನಿಂತಿದೆ. ಅಂಗಡಿಯವರು ಫಾರ್ಮ್ಯಾಟ್ ಮಾಡಬೇಕು ಎನ್ನುತ್ತಾರೆ.
ಹೊಲಿಗೆ ಕೆಲಸದವರು, ರಾಣೆಬೆನ್ನೂರು

ಅಯ್ಯೋ, ಫಾರ್ಮ್ಯಾಟ್ ಯಾಕ್ರೀ! ಪಟ್ಟಿಯ ಖಾಲಿ ಜಾಗವನ್ನು ಎಡಗಡೆ ಗುಂಡಿಯಿಂದ ಹಿಡಿದು ಪರದೆಯ ಕೆಳಗಿನ ಅಂಚಿಗೆ ಎಳೆದುಬಿಡಿ, ಬರುತ್ತದೆ. ಎಳೆಯಲು ಬರದಿದ್ದರೆ ಟಾಸ್ಕ್‌ಬಾರ್ ಸೆಟ್ಟಿಂಗ್ಸ್‌ನಲ್ಲಿ ‘ಟಾಸ್ಕ್‌ಬಾರ್ ಲೊಕೇಶನ್ ಆನ್ ಸ್ಕ್ರೀನ್’ ಹುಡುಕಿ ‘ಬಾಟಮ್’ ಕೊಡಿ. ಆಮೇಲೆ ಪಟ್ಟಿಯ ಮೇಲೆ ಬಲಗುಂಡಿ ಒತ್ತಿ ‘ಲಾಕ್ ದಿ ಟಾಸ್ಕ್‌ಬಾರ್’ಗೆ ಟಿಕ್ ಹಾಕಿ. ಮೊಮ್ಮಗಳು ಇನ್ನೆಷ್ಟು ಎಳೆದರೂ ಅಲ್ಲಾಡುವುದಿಲ್ಲ. ಫಾರ್ಮ್ಯಾಟ್ ಮಾಡಿಸಿದ್ದರೆ ಮದುವೆ ಫೋಟೋಗಳೆಲ್ಲ ಹೋಗುತ್ತಿದ್ದವು.

ಅಂದ ಹಾಗೆ, ಪಟ್ಟಿ ಪಕ್ಕಕ್ಕೆ ಹೋಗುವುದು ಕೆಟ್ಟದ್ದೇನಲ್ಲ. ಈಗಿನ ಪರದೆಗಳು ಅಗಲ ಜಾಸ್ತಿ, ಎತ್ತರ ಕಡಿಮೆ. ಎಡಬದಿಗೆ ನಿಲ್ಲಿಸಿಕೊಂಡರೆ ಓದಲು ಇನ್ನೆರಡು ಸಾಲು ಜಾಗ ಸಿಗುತ್ತದೆ. ನಾನು ಹಳೆಯ ಕಂಪ್ಯೂಟರಿನಲ್ಲಿ ಹಾಗೇ ಇಟ್ಟುಕೊಂಡಿದ್ದೆ. ವಿಂಡೋಸ್ 11 ಬಂದಾಗ ಈ ಅನುಕೂಲವನ್ನೇ ಕಿತ್ತುಹಾಕಿದರು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಮಂಡಿಯ ಲೆಕ್ಕ ಎಕ್ಸೆಲ್‌ನಲ್ಲಿ ಬರೆಯುತ್ತೇನೆ. ಹಳೆಯ ವಿಂಡೋಸಿನಲ್ಲಿ ಟಾಸ್ಕ್‌ಬಾರಿನ ಮೇಲೇ ಒಂದು ಫೋಲ್ಡರ್ ಇಟ್ಟುಕೊಂಡಿದ್ದೆ, ಒತ್ತಿದರೆ ಎಲ್ಲ ಕಡತಗಳೂ ಬರುತ್ತಿದ್ದವು. ಹೊಸದರಲ್ಲಿ ಆ ‘ನ್ಯೂ ಟೂಲ್‌ಬಾರ್’ ಇಲ್ಲ. ಬಲಗುಂಡಿ ಒತ್ತಿದರೆ ಬರುವ ಮೆನು ಕೂಡ ಅರ್ಧವಾಗಿದೆ, ನನಗೆ ಬೇಕಾದದ್ದು ಒಂದೂ ಇಲ್ಲ.
ಕೊಬ್ಬರಿ ಮಂಡಿ ಗುಮಾಸ್ತರು, ಅರಸೀಕೆರೆ

‘ನ್ಯೂ ಟೂಲ್‌ಬಾರ್’ 11ರಲ್ಲಿ ಹೋಯಿತು. ಅದಕ್ಕೆ ಅಳುವುದು ಬೇಡ, ಹೆಚ್ಚುಕಡಿಮೆ ಅಷ್ಟೇ ಕೆಲಸ ಮಾಡುವ ಇನ್ನೊಂದು ದಾರಿ ಇದೆ. ತುಂಬಾ ಜನ ಅದರ ಕಡೆ ನೋಡಿಯೇ ಇಲ್ಲ.

ಎಕ್ಸೆಲ್ ತೆರೆದಿರುವಾಗ ಕೆಳಗಿನ ಹಸಿರು ಐಕಾನಿನ ಮೇಲೆ ಬಲಗುಂಡಿ ಒತ್ತಿ ‘ಪಿನ್ ಟು ಟಾಸ್ಕ್‌ಬಾರ್’ ಕೊಡಿ. ಎಕ್ಸೆಲ್ ಮುಚ್ಚಿದರೂ ಐಕಾನ್ ಅಲ್ಲೇ ಉಳಿಯುತ್ತದೆ. ಈಗ ಅದೇ ಐಕಾನಿನ ಮೇಲೆ ಮತ್ತೆ ಬಲಗುಂಡಿ. ಇತ್ತೀಚೆಗೆ ತೆರೆದ ಕಡತಗಳ ಪಟ್ಟಿ ಮೇಲಕ್ಕೆ ಏಳುತ್ತದೆ. ನಿಮ್ಮ ಆವಕದ ಲೆಕ್ಕದ ಕಡತದ ಮೇಲೆ ಬಾಣ ಇಡಿ. ಹೆಸರಿನ ಬಲತುದಿಯಲ್ಲಿ ಸಣ್ಣ ಗುಂಡುಪಿನ್ನಿನ ಚಿತ್ರ ಮೂಡುತ್ತದೆ. ಅದನ್ನು ಒತ್ತಿ. ಕಡತ ಪಟ್ಟಿಯ ಮೇಲ್ಭಾಗದ ‘ಪಿನ್ಡ್’ ಗುಂಪಿಗೆ ಏರುತ್ತದೆ. ಆಮೇಲೆ ಬೇರೆ ಎಷ್ಟು ಕಡತ ತೆರೆದರೂ ಅದು ಕೆಳಗಿಳಿಯುವುದಿಲ್ಲ.

ತಿಂಗಳಿಗೊಂದು ಹೊಸ ಕಡತ ಮಾಡುವವರಾದರೆ ಕಡತವನ್ನು ಪಿನ್ ಮಾಡಿ ಪ್ರಯೋಜನವಿಲ್ಲ, ಮುಂದಿನ ತಿಂಗಳೂ ಹಳೆಯದೇ ತೆರೆಯುತ್ತದೆ. ಆಗ ಫೋಲ್ಡರನ್ನೇ ಪಿನ್ ಮಾಡಿ. ಹಳದಿ ಬಣ್ಣದ ಫೈಲ್ ಎಕ್ಸ್‌ಪ್ಲೋರರ್ ಐಕಾನ್ ಇದೆಯಲ್ಲ, ಅದರ ಮೇಲೂ ಬಲಗುಂಡಿ ಒತ್ತಿದರೆ ಇಂಥದ್ದೇ ಪಟ್ಟಿ ಬರುತ್ತದೆ. ಮಂಡಿ ಫೋಲ್ಡರನ್ನು ಅಲ್ಲಿ ಪಿನ್ ಮಾಡಿಕೊಂಡರೆ ನಿಮ್ಮ ಹಳೆಯ ಟೂಲ್‌ಬಾರಿನ ಕೆಲಸ ಆಯಿತು.

ಪಟ್ಟಿಯಲ್ಲಿ ಕಡತಗಳೇ ಬರುತ್ತಿಲ್ಲವಾ? ಇಲ್ಲೊಂದು ಗುಟ್ಟಿದೆ. ಸ್ಟಾರ್ಟ್ ಮೆನು ತೆರೆದಾಗ ‘ರೆಕಮೆಂಡೆಡ್’ ಎಂದು ಕಡತಗಳ ಹೆಸರು ಬರುವುದು ಇಷ್ಟವಿಲ್ಲ ಎಂದು ಸೆಟ್ಟಿಂಗ್ಸ್‌ನ ‘ಪರ್ಸನಲೈಸೇಶನ್’, ‘ಸ್ಟಾರ್ಟ್’ ಪುಟದಲ್ಲಿ ಆ ಸ್ವಿಚ್ ಆಫ್ ಮಾಡುತ್ತಾರೆ. ಅದೇ ಸ್ವಿಚ್ಚಿಗೆ ಈ ಪಟ್ಟಿಯನ್ನೂ ಕಟ್ಟಿಹಾಕಿದ್ದಾರೆ. ಅದು ಆಫ್ ಆದರೆ ಇದೂ ಖಾಲಿ. ಕೌಂಟರಿನಲ್ಲಿ ಪರದೆ ಗಿರಾಕಿಗಳ ಕಡೆ ತಿರುಗಿರುವ ಅಂಗಡಿಗಳಲ್ಲಿ ಅದು ಆಫ್ ಇದ್ದರೇ ಒಳ್ಳೆಯದು, ಯಾರ ಬಾಕಿ ಎಷ್ಟು ಎಂದು ಕಡತದ ಹೆಸರಿನಲ್ಲೇ ಗೊತ್ತಾಗಬಾರದಲ್ಲ. ನಿಮ್ಮ ಪರದೆ ನಿಮ್ಮ ಕಡೆಗೇ ಇದ್ದರೆ ಆನ್ ಮಾಡಿಕೊಳ್ಳಿ.

ಇನ್ನೂ ಒಂದು. ಎಕ್ಸೆಲ್ ಐಕಾನನ್ನು ಎಳೆದು ಪಿನ್ ಮಾಡಿದವುಗಳಲ್ಲಿ ಮೊದಲನೆಯದಾಗಿ ಇಡಿ. ಕೀಬೋರ್ಡಿನಲ್ಲಿ ವಿಂಡೋಸ್ ಕೀ ಹಿಡಿದು 1 ಒತ್ತಿದರೆ ಎಕ್ಸೆಲ್ ಬರುತ್ತದೆ. 2 ಒತ್ತಿದರೆ ಎರಡನೆಯದು. ಐಕಾನುಗಳ ಸಾಲು ಬದಲಿಸದೆ ಇದ್ದರೆ ವಾರದಲ್ಲಿ ಬೆರಳಿಗೆ ಅಭ್ಯಾಸವಾಗಿಬಿಡುತ್ತದೆ.

ಬಲಗುಂಡಿ ಮೆನುವಿನ ವಿಷಯ. ಚಿಕ್ಕ ಮೆನುವಿನ ಕೊನೆಯಲ್ಲಿ ‘ಶೋ ಮೋರ್ ಆಪ್ಷನ್ಸ್’ ಇದೆ, ಅದರೊಳಗೆ ಹಳೆಯ ಪೂರ್ತಿ ಮೆನು ಇದೆ. ಪ್ರತಿ ಸಲ ಎರಡೆರಡು ಸಲ ಒತ್ತುವುದು ಬೇಡ ಎಂದರೆ ಶಿಫ್ಟ್ ಹಿಡಿದುಕೊಂಡು ಬಲಗುಂಡಿ ಒತ್ತಿ, ನೇರವಾಗಿ ದೊಡ್ಡ ಮೆನುವೇ ಬರುತ್ತದೆ. ಕಟ್, ಕಾಪಿ, ಪೇಸ್ಟ್ ಕಾಣುತ್ತಿಲ್ಲ ಎಂದು ಕೇಳುವವರೂ ಇದ್ದಾರೆ. ಅವು ಚಿಕ್ಕ ಮೆನುವಿನಲ್ಲಿ ಬರೀ ಚಿತ್ರಗಳಾಗಿ ಒಂದು ಸಾಲಿನಲ್ಲಿ ಕುಳಿತಿವೆ. 2024ರ ಅಪ್‌ಡೇಟಿನಲ್ಲಿ ಅವಕ್ಕೆ ಹೆಸರೂ ಸೇರಿಸಿದರು, ಪುಣ್ಯ. ಹಳೆಯ ಮೆನುವನ್ನೇ ಕಾಯಂ ಮಾಡಲು ರಿಜಿಸ್ಟ್ರಿಯನ್ನು, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಟ್ಟುಕೊಳ್ಳುವ ಒಳಗಿನ ದಾಖಲೆಯನ್ನು, ತಿದ್ದುವ ವಿಧಾನ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಲೆಕ್ಕಪತ್ರ ಇರುವ ಕಂಪ್ಯೂಟರಿನಲ್ಲಿ ಅದಕ್ಕೆ ಕೈ ಹಾಕಬೇಡಿ. ಶಿಫ್ಟ್ ಸಾಕು.

ಮೆನುಗಳೆಲ್ಲ ಕನ್ನಡದಲ್ಲಿ ಬರುವ ಹಾಗೆ ಮಾಡಬಹುದಾ ಅಕ್ಕಾವ್ರೇ? ಪಕ್ಕದ ಮನೆ ಹುಡುಗ ಆಗೋದಿಲ್ಲ ಅಂತಾನೆ.
ಗೃಹಿಣಿ, ಧಾರವಾಡ

ಆಗುತ್ತದೆ, ಆದರೆ ನಿಮ್ಮ ಕಂಪ್ಯೂಟರಿನಲ್ಲಿ ಯಾವ ವಿಂಡೋಸ್ ಇದೆ ಎನ್ನುವುದನ್ನು ಮೊದಲು ನೋಡಬೇಕು. ಸೆಟ್ಟಿಂಗ್ಸ್, ಸಿಸ್ಟಮ್, ‘ಅಬೌಟ್’. ಅಲ್ಲಿ ‘ಎಡಿಷನ್’ ಮುಂದೆ ‘ಹೋಮ್ ಸಿಂಗಲ್ ಲ್ಯಾಂಗ್ವೇಜ್’ ಎಂದಿದ್ದರೆ ಆ ಹುಡುಗನ ಮಾತು ಸುಳ್ಳಲ್ಲ. ನಮ್ಮಲ್ಲಿ ಮಾರುವ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಇರುವುದು ಅದೇ. ಅದರ ಪರವಾನಗಿ ಪರದೆಯ ಭಾಷೆ ಒಂದಕ್ಕೇ. ಬರೀ ‘ಹೋಮ್’ ಅಥವಾ ‘ಪ್ರೊ’ ಎಂದಿದ್ದರೆ ‘ಟೈಮ್ ಅಂಡ್ ಲ್ಯಾಂಗ್ವೇಜ್’ ಒಳಗೆ ‘ಲ್ಯಾಂಗ್ವೇಜ್ ಅಂಡ್ ರೀಜನ್’ ತೆರೆದು ‘ಆಡ್ ಎ ಲ್ಯಾಂಗ್ವೇಜ್’ ಕೊಡಿ. ಕನ್ನಡ ಹುಡುಕಿ, ಅದನ್ನೇ ಡಿಸ್‌ಪ್ಲೇ ಭಾಷೆ ಮಾಡು ಎನ್ನುವ ಸಾಲಿಗೆ ಟಿಕ್ ಹಾಕಿ. ಡೌನ್‌ಲೋಡ್ ಮುಗಿದ ಮೇಲೆ ಸೈನ್ ಔಟ್ ಆಗಿ ಮತ್ತೆ ಒಳಗೆ ಬಂದರೆ ಸ್ಟಾರ್ಟ್ ಮೆನು, ಸೆಟ್ಟಿಂಗ್ಸ್ ಕನ್ನಡ. ಎಲ್ಲವೂ ಕನ್ನಡ ಆಗುವುದಿಲ್ಲ, ಅಲ್ಲಲ್ಲಿ ಇಂಗ್ಲಿಷ್ ಇಣುಕುತ್ತದೆ. ವಾಪಸ್ ಇಂಗ್ಲಿಷ್ ಬೇಕೆನಿಸಿದರೆ ಗಾಬರಿ ಬೇಡ, ಹೆಸರು ಬದಲಾದರೂ ಪಕ್ಕದ ಚಿತ್ರಗಳು ಅವೇ ಇರುತ್ತವೆ. ಗಡಿಯಾರದ ಚಿತ್ರ ಇರುವ ಸಾಲೇ ಭಾಷೆಯ ಸಾಲು.

ಸಿಂಗಲ್ ಲ್ಯಾಂಗ್ವೇಜ್ ಬಂದಿದ್ದರೂ ಪೂರ್ತಿ ಕೈ ಚೆಲ್ಲಬೇಕಿಲ್ಲ. ಇಂಟರ್ನೆಟ್ ನೋಡುವ ಫೈರ್‌ಫಾಕ್ಸ್, ವರ್ಡ್ ಎಕ್ಸೆಲ್‌ನಂಥ ಕೆಲಸದ ಲಿಬ್ರೆಆಫೀಸ್ ಎರಡರ ಮೆನುಗಳನ್ನೂ ಕನ್ನಡದಲ್ಲಿ ಇಟ್ಟುಕೊಳ್ಳಬಹುದು. ಅವಕ್ಕೂ ವಿಂಡೋಸಿನ ಭಾಷೆಗೂ ಸಂಬಂಧವಿಲ್ಲ. ಕನ್ನಡ ಟೈಪಿಂಗಿಗಂತೂ ಯಾವ ಅಡ್ಡಿಯೂ ಇಲ್ಲ. ಕನ್ನಡವನ್ನು ಕೀಬೋರ್ಡಿಗೆ ಮಾತ್ರ ಸೇರಿಸಿಕೊಳ್ಳಿ. 2019ರಿಂದ ‘ಕನ್ನಡ ಫೊನೆಟಿಕ್’ ಕೂಡ ಅದರಲ್ಲೇ ಇದೆ, ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುತ್ತದೆ. ಗಡಿಯಾರದ ಪಕ್ಕ ಭಾಷೆಯ ಗುರುತು ಬರುತ್ತದೆ. ವಿಂಡೋಸ್ ಕೀ ಹಿಡಿದು ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ.

ಕನ್ನಡ ಟೈಪ್ ಮಾಡಲು ನುಡಿ ಸಾಫ್ಟ್‌ವೇರ್ ಹಾಕಿಕೊಂಡಿದ್ದೇನೆ, ಕೆಲಸವೂ ಮಾಡುತ್ತದೆ. ಗಡಿಯಾರದ ಪಕ್ಕ ಇರುತ್ತಿದ್ದ ಅದರ ಐಕಾನ್ ಮಾತ್ರ ಮಾಯ.
ಹವ್ಯಾಸಿ ಬರಹಗಾರರು, ಚಿತ್ರದುರ್ಗ

ಮಾಯ ಆಗಿಲ್ಲ, ಅಡಗಿದೆ. ಗಡಿಯಾರದ ಎಡಕ್ಕೆ ಮೇಲ್ಮುಖದ ಸಣ್ಣ ಬಾಣ ಇದೆ, ಒತ್ತಿ. ಒಳಗೆ ಇರುತ್ತದೆ. ಮೌಸಿನಿಂದ ಹಿಡಿದು ಎಳೆದು ಗಡಿಯಾರದ ಪಕ್ಕ ಬಿಡಿ. ಎಳೆಯಲು ಬರದಿದ್ದರೆ ಟಾಸ್ಕ್‌ಬಾರ್ ಸೆಟ್ಟಿಂಗ್ಸ್‌ನ ‘ಅದರ್ ಸಿಸ್ಟಮ್ ಟ್ರೇ ಐಕಾನ್ಸ್’ ನಲ್ಲಿ ನುಡಿಯ ಮುಂದಿನ ಸ್ವಿಚ್ ಆನ್ ಮಾಡಿ. ಬರಹ ಸಾಫ್ಟ್‌ವೇರ್ ಬಳಸುವವರಿಗೂ ಇದೇ ಉತ್ತರ. ಅಲ್ಲಿ ಕಂಡದ್ದನ್ನೆಲ್ಲ ಆನ್ ಮಾಡಿ ಸಂತೆ ಮಾಡಬೇಡಿ. ದಿನಾ ಕಣ್ಣಿಗೆ ಬೇಕಾದದ್ದು ಎರಡೋ ಮೂರೋ ಇರುತ್ತವೆ.

ನನ್ನ ವಿಂಡೋಸ್ ಮ್ಯಾಕ್ ಹಾಗೆ ಕಾಣಬೇಕು. ಯಾವ ಸಾಫ್ಟ್‌ವೇರ್ ಹಾಕಲಿ ಮೇಡಂ?
ಡಿಪ್ಲೊಮಾ ವಿದ್ಯಾರ್ಥಿ, ಕಲಬುರಗಿ

ಹಾಕಬೇಡಪ್ಪಾ. ಟಾಸ್ಕ್‌ಬಾರಿನ ಒಳಗೆ ಕೈ ಹಾಕುವ ಸಾಫ್ಟ್‌ವೇರುಗಳು ವಿಂಡೋಸಿನ ದೊಡ್ಡ ಅಪ್‌ಡೇಟ್ ಬಂದಾಗ ಮುಗ್ಗರಿಸುತ್ತವೆ. ಪರೀಕ್ಷೆಯ ಹಿಂದಿನ ರಾತ್ರಿಯೇ ಆ ಅಪ್‌ಡೇಟ್ ಬರುವುದು. ಚೆಂದ ಬೇಕಿದ್ದರೆ ವಿಂಡೋಸಿನಲ್ಲೇ ಇರುವುದನ್ನು ಬಳಸು. ‘ಪರ್ಸನಲೈಸೇಶನ್’, ‘ಕಲರ್ಸ್’ ಪುಟದಲ್ಲಿ ಟಾಸ್ಕ್‌ಬಾರಿಗೆ ಬಣ್ಣ ಕೊಡುವ ಸ್ವಿಚ್ ಇದೆ. ಅದು ಮಂಕಾಗಿ ಕಂಡು ಒತ್ತಲು ಬರದಿದ್ದರೆ ನೀನು ‘ಲೈಟ್’ ಮೋಡಿನಲ್ಲಿದ್ದೀಯ. ‘ಡಾರ್ಕ್’ ಮಾಡು, ಜೀವ ಬರುತ್ತದೆ. ಪಟ್ಟಿ ಬೇಕಾದಾಗ ಮಾತ್ರ ಏಳಲಿ ಎಂದರೆ ‘ಆಟೊಮ್ಯಾಟಿಕಲಿ ಹೈಡ್ ದಿ ಟಾಸ್ಕ್‌ಬಾರ್’. ಮನೆಯವರೂ ಬಳಸುವ ಕಂಪ್ಯೂಟರ್ ಆದರೆ ಅವರಿಗೆ ಹೇಳಿ ಮಾಡು. ಪಟ್ಟಿ ಕಳೆದುಹೋಯಿತು ಎಂದು ಅವರು ನನಗೆ ಪತ್ರ ಬರೆಯುತ್ತಾರೆ.

ನನ್ನ ಹಳೆಯ ಕಂಪ್ಯೂಟರ್ ವಿಂಡೋಸ್ 11ಕ್ಕೆ ಆಗುವುದಿಲ್ಲ ಎಂದರು. ಅಳಿಯ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿಕೊಟ್ಟು ಹೋಗಿದ್ದಾರೆ. ಚೆನ್ನಾಗಿ ಓಡುತ್ತದೆ. ಆದರೆ ಕೆಳಗಿನ ಪಟ್ಟಿಯಲ್ಲಿ ಕಿಟಕಿಗಳ ಹೆಸರಿಲ್ಲ, ಮೆನುವಿನಲ್ಲಿ ನನಗೆ ಬೇಡದ್ದೇ ಜಾಸ್ತಿ.
ನಿವೃತ್ತ ಬ್ಯಾಂಕ್ ನೌಕರರು, ಕುಂದಾಪುರ

ನಿಮ್ಮ ಅಳಿಯಂದಿರಿಗೆ ನನ್ನ ನಮಸ್ಕಾರ ಹೇಳಿ. ನೀವು ಕೇಳಿದ್ದನ್ನು ಮಿಂಟ್ ಯಾವ ತಕರಾರೂ ಇಲ್ಲದೆ ಮಾಡುತ್ತದೆ. ಅವರು ಹಾಕಿಕೊಟ್ಟದ್ದು ಸಿನಮನ್ ಆವೃತ್ತಿ ಎಂದುಕೊಂಡು ಹೇಳುತ್ತೇನೆ.

ಅದರಲ್ಲಿ ಟಾಸ್ಕ್‌ಬಾರಿಗೆ ಪ್ಯಾನೆಲ್ ಎನ್ನುತ್ತಾರೆ. ಹೆಸರುಗಳು ಬೇಕಿದ್ದರೆ ಮೆನುವಿನಲ್ಲಿ ‘ವೆಲ್‌ಕಮ್ ಸ್ಕ್ರೀನ್’ ಹುಡುಕಿ ತೆರೆಯಿರಿ. ಅದರ ‘ಫಸ್ಟ್ ಸ್ಟೆಪ್ಸ್’ ಪುಟದಲ್ಲಿ ಪಟ್ಟಿ ಹೇಗಿರಬೇಕೆಂದು ಆರಿಸುವ ಜಾಗ ಇದೆ: ಒಂದು ‘ಟ್ರೆಡಿಷನಲ್’, ಇನ್ನೊಂದು ‘ಮಾಡರ್ನ್’. ಟ್ರೆಡಿಷನಲ್ ಆರಿಸಿದರೆ ಪಟ್ಟಿ ತೆಳ್ಳಗಾಗಿ, ತೆರೆದ ಕಿಟಕಿಗಳ ಹೆಸರು ಸಾಲಾಗಿ ಬರುತ್ತವೆ. ನೀವು ಬ್ಯಾಂಕಿನಲ್ಲಿ ನೋಡಿದ ಹಳೆಯ ವಿಂಡೋಸಿನ ಹಾಗೇ. ಪಟ್ಟಿ ತೀರಾ ತೆಳ್ಳಗೆನಿಸಿದರೆ ಅದರ ಮೇಲೆ ಬಲಗುಂಡಿ ಒತ್ತಿ ‘ಪ್ಯಾನೆಲ್ ಸೆಟ್ಟಿಂಗ್ಸ್’ನಲ್ಲಿ ಎತ್ತರ ಹೆಚ್ಚಿಸಿ. ಇಷ್ಟವಿದ್ದರೆ ಪರದೆಯ ಮೇಲಕ್ಕೋ ಪಕ್ಕಕ್ಕೋ ಒಯ್ಯಬಹುದು, ಅದೇ ಬಲಗುಂಡಿ ಮೆನುವಿನಲ್ಲಿ ‘ಮೂವ್’ ಇದೆ. ವಿಂಡೋಸ್ 11 ಕಿತ್ತುಕೊಂಡದ್ದು ಇಲ್ಲಿ ಬಿಟ್ಟಿ ಸಿಗುತ್ತದೆ ನೋಡಿ.

ಮೆನು ಹಗುರ ಮಾಡಲು ಮೆನು ಬಟನ್ ಮೇಲೆ ಬಲಗುಂಡಿ ಒತ್ತಿ ‘ಕಾನ್ಫಿಗರ್’ ತೆರೆಯಿರಿ. ಅದರೊಳಗೆ ಮೆನು ಎಡಿಟರ್ ತೆರೆಯುವ ಬಟನ್ ಇದೆ. ಪ್ರತಿ ಪ್ರೋಗ್ರಾಮಿನ ಮುಂದೆ ಟಿಕ್ ಇರುತ್ತದೆ, ಬೇಡದ್ದರ ಟಿಕ್ ತೆಗೆದರೆ ಮೆನುವಿನಿಂದ ಮರೆಯಾಗುತ್ತದೆ. ಪ್ರೋಗ್ರಾಮ್ ಅಳಿಸಿಹೋಗುವುದಿಲ್ಲ, ಟಿಕ್ ಹಾಕಿದರೆ ವಾಪಸ್. ಡಿಲೀಟ್ ಬಟನ್ ಮುಟ್ಟಬೇಡಿ. ‘ಅಡ್ಮಿನಿಸ್ಟ್ರೇಷನ್’ ಗುಂಪಿನಲ್ಲಿ ‘ಅಪ್‌ಡೇಟ್ ಮ್ಯಾನೇಜರ್’ ಮತ್ತು ‘ಟೈಮ್‌ಶಿಫ್ಟ್’ ಎರಡನ್ನೂ ಹಾಗೇ ಉಳಿಸಿ, ಅಳಿಯಂದಿರು ಫೋನಿನಲ್ಲಿ ಏನಾದರೂ ಹೇಳಿಕೊಡುವಾಗ ಮೊದಲು ಕೇಳುವುದು ಅವನ್ನೇ.

ಏನೇನೋ ಒತ್ತಿ ಪಟ್ಟಿ ಎಡವಟ್ಟಾದರೆ ಪ್ಯಾನೆಲ್ ಮೇಲೆ ಬಲಗುಂಡಿ ಒತ್ತಿ ‘ಟ್ರಬಲ್‌ಶೂಟ್’ಗೆ ಹೋಗಿ. ‘ರೀಸ್ಟಾರ್ಟ್ ಸಿನಮನ್’ ಕೊಟ್ಟು ನೋಡಿ, ತೆರೆದ ಕಡತಗಳಿಗೆ ಏನೂ ಆಗುವುದಿಲ್ಲ. ಅದರಲ್ಲೂ ಸರಿಹೋಗದಿದ್ದರೆ ಅಲ್ಲೇ ‘ರೀಸ್ಟೋರ್ ಆಲ್ ಸೆಟ್ಟಿಂಗ್ಸ್ ಟು ಡೀಫಾಲ್ಟ್’ ಇದೆ. ಅದನ್ನು ಒತ್ತಿದರೆ ಡೆಸ್ಕ್‌ಟಾಪಿನಲ್ಲಿ ನೀವು ಮಾಡಿಕೊಂಡ ಬದಲಾವಣೆ ಎಲ್ಲ ಹೋಗಿ ಪ್ಯಾನೆಲ್ ಮೊದಲಿನ ಹಾಗೆ ಬರುತ್ತದೆ. ಫೋಟೋ, ಕಾಗದಪತ್ರ ಇದ್ದಲ್ಲೇ ಇರುತ್ತವೆ.